ಬ್ಲೀಚಿಂಗಕ್ಕನ ಹೊಟ್ಟೆ

ಅವಳಿಗೆ ಬ್ಲೀಚಿಂಗಕ್ಕ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಸರಿಯಾಗಿ ಒಪ್ಪುತ್ತಿತ್ತು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳು ಮೇಲ್ವಿಚಾರಕಿ. ಯಾರ್ಯಾರೋ ಮಲಗಿ ಎದ್ದುಹೋದ ಹಾಸಿಗೆ ಬಟ್ಟೆಗಳ ನಡುವೆಯೇ ಅವಳ ಆಯುಷ್ಯದ ಅರ್ಧ ಕಳೆದಿತ್ತು. ಬೆರಳ ತುದಿಗಳು ಸದಾ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವಳು ಬೀದಿ ತಿರುವಿಗೆ ಬರುವ ಮೊದಲೇ ಬ್ಲೀಚಿಂಗ್ ಪುಡಿಯ ವಾಸನೆ ಬಂದು ವರದಿ ಒಪ್ಪಿಸುತ್ತಿತ್ತು. ಅವಳ ಮನೆಗೆ ನೊಣ ಬಂದರೂ ಕಾಲು ತೊಳೆದುಕೊಂಡೇ ಬರಬೇಕು ಅಂತ ನಮ್ಮ ಬೀದಿಯವರು ತಮಾಷೆ ಮಾಡುತ್ತಿದ್ದರು. ಬಂದವರು ಎದ್ದುಹೋದ ಮೇಲೆ ಅವರು ಕೂತಿದ್ದ ಕುರ್ಚಿಯನ್ನು ಅವಳು ಒರೆಸುವುದು ಕಿಟಕಿಯಿಂದಲೇ ಕಾಣುತ್ತಿತ್ತು. ಅವಳ ಗಂಡ ಟೈಲರ್, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬದುಕಿದ ಮನುಷ್ಯ. ಹಾಗಾಗಿ ಮನೆಯಲ್ಲಿ ಜಾಸ್ತಿ ಮಾತಾಡುವ ಪ್ರಮೇಯ ಅವನಿಗೆ ಬಂದಿರಲಿಲ್ಲ.

ಆ ಮನೆ ಟೈಲರ್ ಮತ್ತು ಅವನ ತಮ್ಮ ಇಬ್ಬರಿಗೂ ಸೇರಿದ್ದು. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ, ಅಂದರೆ ಬ್ಲೀಚಿಂಗಕ್ಕನ ಓರಗಿತ್ತಿ, ಹಿಂದಿನ ಎರಡು ಕೋಣೆಯಲ್ಲಿ ಉಳಿದುಕೊಂಡಿದ್ದಳು. ಗಿಡ ಮಾರುವ ನರ್ಸರಿಯಲ್ಲಿ ಅವಳಿಗೆ ಕೆಲಸ. ಸಂಜೆ ಬರುವಾಗ ಉಗುರು ಸಂದಿಯಲ್ಲಿ ಗೊಬ್ಬರ, ಸೀರೆ ಅಂಚಿನಲ್ಲಿ ಕೆಸರು, ಕಂಕುಳಲ್ಲಿ ಯಾರೂ ಕೊಳ್ಳದೆ ಬಾಡಿದ ಯಾವುದೋ ಸಸಿ. ಒಬ್ಬಳು ಹಗಲೆಲ್ಲ ಕೊಳೆ ತೆಗೆಯುವವಳು, ಇನ್ನೊಬ್ಬಳು ಹಗಲೆಲ್ಲ ಕೊಳೆಯನ್ನೇ ಕಲೆಸುವವಳು. ಬಚ್ಚಲು ಇಬ್ಬರಿಗೂ ಒಂದೇ, ಅಂಗಳವೂ ಒಂದೇ. ಜುಟ್ಟು ಜುಟ್ಟು ಸೇರಿದರೂ ಜಡೆ ಜಡೆ ಸೇರಲ್ಲ ಅನ್ನುವ ಗಾದೆಯನ್ನು ಟೈಲರ್ ಒಮ್ಮೆ ಸೂಜಿ ತೆಗೆದಿಟ್ಟು ಹೇಳಿದ್ದನಂತೆ. ಅವತ್ತು ಅವನಿಗೆ ಊಟ ತಡವಾಯಿತು.

ಜಗಳದ ಮೂಲ ಬಿಸಿಲು. ಸುತ್ತಲಿನ ಮನೆಗಳು ಎತ್ತರಕ್ಕೆ ಎದ್ದಿದ್ದರಿಂದ ಅಂಗಳಕ್ಕೆ ಬಿಸಿಲು ಬೀಳುತ್ತಿದ್ದದ್ದು ಒಂದೇ ಒಂದು ಪಟ್ಟಿ, ಅದೂ ಬೆಳಗಿನ ಸ್ವಲ್ಪ ಹೊತ್ತು. ಬಟ್ಟೆ ಒಣಗಿಸುವ ತಂತಿ ಇದ್ದದ್ದೂ ಅಲ್ಲೇ, ಓರಗಿತ್ತಿಯ ಗಿಡಗಳು ಬೆಳೆದದ್ದೂ ಅಲ್ಲೇ. ಗೋಡೆ ಬುಡದಲ್ಲಿ ಅವಳು ನೆಟ್ಟ ಬಳ್ಳಿ ಬಿಸಿಲು ಹುಡುಕಿಕೊಂಡು ತಂತಿ ಹಿಡಿಯಿತು. ಒಂದು ದಿನ ಬ್ಲೀಚಿಂಗಕ್ಕನ ಬಿಳಿ ಹೊದಿಕೆಯ ಮೇಲೆ ಹಸಿರು ಕಲೆ.

"ಏ ಇವಳೇ, ಬಾ ಇಲ್ಲಿ. ಇದು ಬಟ್ಟೆ ಒಣಗಿಸೋ ಜಾಗವೋ, ನಿನ್ನ ಕಾಡೋ?"

"ಅಕ್ಕಾ, ಬಳ್ಳಿಗೆ ಕಣ್ಣಿರುತ್ತಾ? ಬೆಳಕು ಕಂಡ ಕಡೆ ಹೋಗುತ್ತೆ. ನಾಳೆ ಕಟ್ಟಿ ಹಾಕ್ತೀನಿ ಬಿಡಿ."

"ಕಟ್ಟೋದಲ್ಲ, ಕಿತ್ತು ಹಾಕು. ಮಣ್ಣು, ಹುಳ, ಸೊಳ್ಳೆ... ಮನೆ ಅಂತ ಹೇಳ್ಕೊಳ್ಳೋಕೆ ನಾಚಿಕೆ."

"ಕೈ ಕೆಸರಾದ್ರೇ ಬಾಯಿ ಮೊಸರು ಅಕ್ಕಾ."

"ನಿನ್ನ ಕೆಸರು ನನ್ನ ಹೊದಿಕೆ ಮೇಲೆ ಯಾಕೆ ಬರಬೇಕು?"

ಇಂಥ ಮಾತು ವರ್ಷಗಟ್ಟಲೆ ನಡೆದಿತ್ತು. ಆದರೆ ಆ ಸಲ ಬ್ಲೀಚಿಂಗಕ್ಕ ಮಾತಿಗೇ ನಿಲ್ಲಲಿಲ್ಲ. ಓರಗಿತ್ತಿ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಗಟ್ಟಿಯಾಗಿ ಕದಡಿ ಗಿಡಗಳ ಬುಡಕ್ಕೆ ಹೊಯ್ದಳು. ಒಂದೇ ಸಲ ಅಲ್ಲ, ಎಲೆ ಸುಡುವವರೆಗೂ ಹೊಯ್ದಳು. ಬಳ್ಳಿ ತುದಿಯಿಂದ ಕಂದಿಕೊಂಡು ಬಂತು. ತುಳಸಿ, ಚೆಂಡು ಹೂವು, ಗೋಡೆ ಬುಡದ ಗರಿಕೆ, ಕಲ್ಲಿನ ಮೇಲಿನ ಪಾಚಿ, ಎಲ್ಲ ಹೋಯಿತು. ಎರೆಹುಳಗಳು ಮೇಲಕ್ಕೆ ಬಂದು ಬೆಳ್ಳಗೆ ಬಿದ್ದಿದ್ದವು. ಅಂಗಳ ಆಸ್ಪತ್ರೆ ನೆಲದ ಹಾಗೆ ಕಂಡಿತು. ಬ್ಲೀಚಿಂಗಕ್ಕನಿಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ.

ಓರಗಿತ್ತಿ ಕೂಗಾಡುತ್ತಾಳೆ ಅಂತ ಅವಳು ಸಿದ್ಧವಾಗಿದ್ದಳು. ಓರಗಿತ್ತಿ ಕೂಗಾಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಡಿದು ಮೂಸಿ ನೋಡಿದಳು. ಆಮೇಲೆ ಎದ್ದು, ಕೈ ಕೊಡವಿಕೊಂಡು ಇಷ್ಟೇ ಹೇಳಿದಳು:

"ಜಾಗ ಖಾಲಿ ಮಾಡಿದ್ರಿ. ಆದ್ರೆ ಖಾಲಿ ಜಾಗ ಖಾಲಿ ಇರಲ್ಲ ಅಕ್ಕಾ. ಈಗ ಯಾರು ಬರ್ತಾರೋ, ಅವರು ನನ್ನಷ್ಟು ಒಳ್ಳೆಯವರಾಗಿರಲ್ಲ."

ಮಳೆ ಬಿದ್ದು ಮಣ್ಣಿನ ಖಾರ ತೊಳೆದುಹೋದ ಮೇಲೆ ಬಂದದ್ದು ಪಾರ್ಥೇನಿಯಂ ಕಳೆ. ಮೊದಲು ಕ್ಯಾರೆಟ್ ಸೊಪ್ಪಿನ ಹಾಗೆ ನೆಲಕ್ಕೆ ಅಂಟಿಕೊಂಡು ಹರಡಿತು. ತಡೆಯುವುದಕ್ಕೆ ಗರಿಕೆಯಿಲ್ಲ, ನೆರಳು ಮಾಡುವುದಕ್ಕೆ ಬಳ್ಳಿಯಿಲ್ಲ, ಬಿಸಿಲಿನ ಪಟ್ಟಿಯೆಲ್ಲ ಅದರದ್ದೇ ಆಯಿತು. ಸೊಂಟದೆತ್ತರ ಬೆಳೆದು ಬಿಳಿ ಹೂವು ಬಿಟ್ಟಾಗ ಬ್ಲೀಚಿಂಗಕ್ಕನಿಗೆ ಕೋಪ ನೆತ್ತಿಗೇರಿ, ಬರಿಗೈಯಲ್ಲೇ ಕಿತ್ತಳು. ಆ ಗಿಡ ಮುಟ್ಟಿದರೆ ಕೆಲವರಿಗೆ ಆಗುವುದಿಲ್ಲ. ಮೊಣಕೈವರೆಗೆ ಕೆಂಪಗೆ ಗಂಧೆ ಎದ್ದಿತು. ತುರಿಸಿದಳು, ಗಾಯವಾಯಿತು. ಗಾಯದಲ್ಲೇ ಬ್ಲೀಚಿಂಗ್ ನೀರಿಗೆ ಕೈ ಹಾಕಿದಳು. ಕೀವಾಯಿತು, ತೋಳು ಕಂಬದ ಹಾಗೆ ಊದಿಕೊಂಡಿತು.

ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟರು. ಅದು ಬೇಕಾದದ್ದೇ, ಊತವೂ ಇಳಿಯಿತು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಅವಳದ್ದು ಎರಡು ಸಲ ಜಾಲಿಸಿದ ಬಟ್ಟೆಯನ್ನು ಮೂರನೇ ಸಲವೂ ಜಾಲಿಸುವ ಜೀವ.

"ಒಳಗೆ ಒಂದೇ ಒಂದು ಕ್ರಿಮಿ ಉಳ್ಕೊಂಡಿದ್ರೆ ಏನ್ರೀ ಮಾಡೋದು?" ಅಂದಳು ಗಂಡನಿಗೆ.

"ಡಾಕ್ಟ್ರು ಸಾಕು ಅಂದ್ರಲ್ಲೇ," ಅಂದ ಟೈಲರ್.

"ಅವರಿಗೇನು ಗೊತ್ತು ನನ್ನ ಮೈ ವಿಷಯ."

ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಸುತ್ತು ಮಾತ್ರೆ ತಂದಳು. ಅದು ಮುಗಿದ ಮೇಲೆ, ಇನ್ನೂ ಜೋರಾದದ್ದು ಕೊಡಿ ಅಂತ ಅಂಗಡಿಯವನನ್ನು ಕಾಡಿ ಮತ್ತೊಂದು ಸುತ್ತು. ತೋಳು ಹೊಳೆಯುವಷ್ಟು ವಾಸಿಯಾಗಿತ್ತು.

ಹೊಟ್ಟೆ ಕೆಟ್ಟದ್ದು ಆಮೇಲೆ. ಮೊದಲ ದಿನ ಏನೋ ತಿಂದದ್ದು ಹಿಡಿಸಲಿಲ್ಲ ಅಂದುಕೊಂಡಳು. ಮರುದಿನ ಲಾಂಡ್ರಿಯಿಂದ ಅರ್ಧಕ್ಕೇ ವಾಪಸು. ಅದರ ಮರುದಿನ ಬಚ್ಚಲಿನಿಂದ ಹೊರಗೆ ಬರಲೇ ಆಗಲಿಲ್ಲ. ಬರೀ ನೀರು. ಅದಕ್ಕೊಂದು ವಾಸನೆಯಿತ್ತು, ಸಿಹಿಯೂ ಅಲ್ಲದ ಕೊಳೆತದ್ದೂ ಅಲ್ಲದ, ಬಾಗಿಲು ಮುಚ್ಚಿದರೂ ಬರುವ ವಾಸನೆ. ಜೀವಮಾನವಿಡೀ ಬೇರೆಯವರ ಹೊಲಸು ತೊಳೆದ ಹೆಂಗಸು ತನ್ನದನ್ನು ತಾನೇ ತಡೆದುಕೊಳ್ಳಲಾರದೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಬಟ್ಟೆ ಹಾಳಾಗುತ್ತಿತ್ತು. ಹಾಳಾದ ಬಟ್ಟೆ ಯಾರ ಕಣ್ಣಿಗೂ ಬೀಳದ ಹಾಗೆ ಮಂಚದ ಕೆಳಗೆ ತುರುಕುತ್ತಿದ್ದಳು. ಬ್ಲೀಚಿಂಗಕ್ಕ ಮಂಚದ ಕೆಳಗೆ ಕೊಳೆ ಬಟ್ಟೆ ಬಚ್ಚಿಟ್ಟಳು ಅಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಅದನ್ನು ಕಂಡವಳು ಓರಗಿತ್ತಿ. ಬಚ್ಚಲು ಇಬ್ಬರಿಗೂ ಒಂದೇ ಆಗಿತ್ತಲ್ಲ, ವಾಸನೆ ಅವಳ ಮೂಗಿಗೂ ಬಡಿದಿತ್ತು. ಒಂದು ಬೆಳಿಗ್ಗೆ ಅವಳು ಕೇಳದೆಯೇ ಒಳಗೆ ಬಂದು, ಬಗ್ಗಿ ಆ ಗಂಟು ಎಳೆದು, ಮೂಗು ಕೂಡ ಮುಚ್ಚದೆ ಟೈಲರ್‌ಗೆ ಹೇಳಿದಳು: "ಭಾವ, ಇದು ಅಜೀರ್ಣ ಅಲ್ಲ. ಈಗಲೇ ಆಟೋ ಕರೀರಿ."

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಬೇರೆಯದೇ ಕೋಣೆಗೆ ಹಾಕಿದರು. ಒಳಗೆ ಬರುವವರಿಗೆಲ್ಲ ಕೈಗವಸು, ಮೇಲಂಗಿ. ಹೊಟ್ಟೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಹಾಸಿಗೆ ಪಕ್ಕ ಸ್ಟೂಲ್ ಎಳೆದು ಕೂತು ವಿವರಿಸಿದರು.

"ಅಮ್ಮಾ, ನಿಮ್ಮ ಕರುಳಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಇರ್ತವೆ. ಎಲ್ಲರಲ್ಲೂ ಇರ್ತವೆ."

"ನನ್ನೊಳಗಾ?" ಬ್ಲೀಚಿಂಗಕ್ಕ ತಲೆದಿಂಬಿನಿಂದ ಏಳಲು ನೋಡಿದಳು.

"ನಿಮ್ಮೊಳಗೇ. ಅವು ಒಂದಕ್ಕೊಂದು ಸ್ನೇಹಿತರೇನಲ್ಲ. ಅನ್ನಕ್ಕೆ, ಜಾಗಕ್ಕೆ ಕಿತ್ತಾಡ್ತಾನೇ ಇರ್ತವೆ. ಆ ಕಿತ್ತಾಟದಲ್ಲಿ ಯಾವುದೂ ಅತಿಯಾಗಿ ಬೆಳೆಯೋಕೆ ಆಗಲ್ಲ. ಹಾಗಾಗಿ ನೀವು ಆರೋಗ್ಯವಾಗಿ ಇರ್ತೀರಿ. ನೀವು ಸುತ್ತು ಮೇಲೆ ಸುತ್ತು ಮಾತ್ರೆ ನುಂಗಿ ಅವುಗಳಲ್ಲಿ ಮುಕ್ಕಾಲುಪಾಲನ್ನ ಸಾಯಿಸಿದ್ರಿ. ಒಂದು ಕೆಟ್ಟದ್ದು ಇತ್ತು, ಅದು ಬೀಜದ ಹಾಗೆ ಗಟ್ಟಿ ಸಿಪ್ಪೆಯೊಳಗೆ ಕೂತಿತ್ತು. ಮಾತ್ರೆಗೆ ಅದು ಸಾಯಲಿಲ್ಲ. ಎದ್ದು ನೋಡಿದ್ರೆ ಇಡೀ ಬೀದಿ ಖಾಲಿ."

ಬ್ಲೀಚಿಂಗಕ್ಕ ಗೋಡೆ ಕಡೆ ಮುಖ ತಿರುಗಿಸಿದಳು. ಈ ಮಾತನ್ನು ತನಗೆ ಮೊದಲೇ ಯಾರು ಹೇಳಿದ್ದರು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಒಂದಕ್ಕೇ ಅಂತ ಬೇರೆ ಔಷಧಿ ಕೊಟ್ಟರು. ಭೇದಿ ನಿಂತಿತು, ಮನೆಗೆ ಬಂದಳು. ಗಂಜಿ ಕುಡಿದು, ಎರಡು ಹೆಜ್ಜೆ ನಡೆದು, ಲಾಂಡ್ರಿಗೆ ಯಾವಾಗ ಹೋಗಲಿ ಅಂತ ಕೇಳುವಷ್ಟರಲ್ಲಿ ಮತ್ತೆ ಶುರು. ಮತ್ತೆ ಆಸ್ಪತ್ರೆ, ಮತ್ತೆ ಔಷಧಿ, ಮತ್ತೆ ಮನೆ. ಔಷಧಿ ಇರುವಷ್ಟು ದಿನ ಅದು ಅವಿತುಕೊಳ್ಳುತ್ತಿತ್ತು, ನಿಲ್ಲಿಸಿದ ಕೂಡಲೇ ಏಳುತ್ತಿತ್ತು. ಪ್ರತಿ ಸಲ ಎದ್ದಾಗಲೂ ಅವಳಲ್ಲಿ ಉಳಿದದ್ದು ಹೋದ ಸಲಕ್ಕಿಂತ ಕಡಿಮೆ. ಕೆನ್ನೆ ಒಳಕ್ಕೆ ಹೋಯಿತು. ಬಾಚಿದರೆ ಕೂದಲು ಬಾಚಣಿಗೆಗೇ ಬರುತ್ತಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ನೋಡಲು ಹೋದವರು ಹೊರಗೆ ಬಂದು, ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ ಅಂತ ಮೆಲ್ಲಗೆ ಹೇಳುತ್ತಿದ್ದರು. ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ, ಕಾಲು ಮಾತ್ರ ಆಡುತ್ತಿರಲಿಲ್ಲ.

ಮೂರನೇ ಸಲ ಸೇರಿಸಿದಾಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು.

"ಇನ್ನು ಸಾಯಿಸೋ ಔಷಧಿಯಿಂದ ಆಗಲ್ಲ. ಸತ್ತವರ ಜಾಗಕ್ಕೆ ಬದುಕಿರೋರನ್ನ ತರಬೇಕು."

"ಎಲ್ಲಿಂದ ತರೋದು?" ಅಂದ ಟೈಲರ್.

"ಆರೋಗ್ಯವಂತರ ಹೊಟ್ಟೆಯಿಂದ. ಅವರ ಮಲವನ್ನ ಪರೀಕ್ಷೆ ಮಾಡಿ, ಶೋಧಿಸಿ, ಇವರ ಕರುಳಿಗೆ ಬಿಡ್ತೀವಿ. ಬೇರೆ ಕಡೆಯೂ ಮಾಡ್ತಾರೆ, ಚೆನ್ನಾಗಿ ಕೆಲಸ ಮಾಡುತ್ತೆ."

ಬ್ಲೀಚಿಂಗಕ್ಕ, ಉಸಿರಿಲ್ಲದ ದನಿಯಲ್ಲಿ, "ಏನಂದ್ರು ಇವರು?" ಅಂತ ಗಂಡನನ್ನು ಕೇಳಿದಳು.

"ಸತ್ತೇ ಹೋಗ್ತೀನಿ," ಅಂದಳು. "ಅದಕ್ಕಿಂತ ಸಾಯೋದು ವಾಸಿ."

"ಹೀಗೇ ಬಿಟ್ರೆ ಅದೂ ಆಗುತ್ತೆ ಅಮ್ಮಾ," ಅಂದರು ಡಾಕ್ಟರಮ್ಮ. ಹೆದರಿಸುವ ದನಿಯೇನಲ್ಲ ಅದು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಟೈಲರ್ ತಾನು ಕೊಡುತ್ತೇನೆ ಅಂದ. ಆದರೆ ಅವನು ಹೋದ ತಿಂಗಳು ಎದೆಯ ಕಫಕ್ಕೆ ಅದೇ ಜಾತಿಯ ಮಾತ್ರೆ ನುಂಗಿದ್ದ, ಸಕ್ಕರೆ ಕಾಯಿಲೆ ಬೇರೆ. ಆಗುವುದಿಲ್ಲ ಅಂದುಬಿಟ್ಟರು. ಮನೆಯಲ್ಲಿ ಬೇರೆ ಯಾರಿದ್ದಾರೆ ಅಂತ ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಓರಗಿತ್ತಿ ಸಂಜೆ ಬಂದಳು. ಕೈ ತಿಕ್ಕಿ ತೊಳೆದಿದ್ದಳು, ಆದರೂ ಉಗುರ ಸಂದಿಯ ಕಪ್ಪು ಗೆರೆ ಹೋಗಿರಲಿಲ್ಲ. ಬ್ಲೀಚಿಂಗಕ್ಕನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಭಾವ ಎಲ್ಲ ಹೇಳಿದ್ರು," ಅಂದಳು ಓರಗಿತ್ತಿ, ಗೋಡೆಗೆ ಒರಗಿ ನಿಂತು. "ನನ್ನ ಹೊಟ್ಟೆಗೆ ಇವತ್ತಿನವರೆಗೆ ಏನೂ ಆಗಿಲ್ಲ. ಕಲ್ಲು ತಿಂದ್ರೂ ಕರಗುತ್ತೆ."

"ನಗ್ತಾ ಇದ್ದೀಯಾ ನೀನು?"

"ನಗದೆ ಏನು ಮಾಡಲಿ ಅಕ್ಕಾ? ಇಷ್ಟು ವರ್ಷ ನನ್ನ ಕೊಳೆ ನಿಮ್ಮ ಹೊದಿಕೆ ಮೇಲೆ ಬಿದ್ದಿದ್ದಕ್ಕೆ ಜಗಳ ಆಡಿದ್ರಿ. ಈಗ..."

"ಗಿಡಕ್ಕೆ ಬ್ಲೀಚಿಂಗ್ ನೀರು ಹೊಯ್ದಿದ್ದು ನಾನೇ ಅಂತ ಗೊತ್ತಿದ್ದೂ ಕೊಡ್ತೀಯಾ?"

"ಗೊತ್ತಿಲ್ದೆ ಏನು. ಮಣ್ಣು ಮೂಸಿದ್ರೆ ನಿಮ್ಮ ವಾಸನೆ ಬರ್ತಿತ್ತು." ಓರಗಿತ್ತಿ ಸ್ಟೂಲ್ ಎಳೆದುಕೊಂಡಳು. "ನೋಡಿ, ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿದೆ ಅಂತ ಅಂದ್ಕೋಬೇಡಿ. ನೀವು ಹೋದ್ರೆ ಭಾವ ಒಬ್ಬರೇ. ನಾನು ಒಬ್ಬಳೇ. ಆ ಮನೇಲಿ ಬೈಯೋಕೂ ಯಾರೂ ಇರಲ್ಲ."

ಬ್ಲೀಚಿಂಗಕ್ಕನಿಗೆ ಅದು ನುಂಗಲಾರದ ತುತ್ತು, ಉಗುಳಲೂ ಆಗದ್ದು. ಕೊನೆಗೆ, "ಕೈ ಮಾತ್ರ ಇನ್ನೊಂದು ಸಲ ತೊಳ್ಕೊಂಡು ಬಾ," ಅಂದಳು. ಒಪ್ಪಿಗೆ ಕೊಡುವುದಕ್ಕೆ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ.

ರಕ್ತ, ಮಲ ಎಲ್ಲ ಪರೀಕ್ಷೆಯಾಗಿ ಓರಗಿತ್ತಿ ಪಾಸಾದಳು. ಡಾಕ್ಟರಮ್ಮ ಶೋಧಿಸಿದ್ದನ್ನು ನಳಿಗೆಯಲ್ಲಿ ಕರುಳಿಗೆ ಬಿಟ್ಟರು. ಬ್ಲೀಚಿಂಗಕ್ಕನಿಗೆ ಮಂಪರು ಕೊಟ್ಟಿದ್ದರಿಂದ ಏನೂ ಗೊತ್ತಾಗಲಿಲ್ಲ. ಆ ವಾರದೊಳಗೇ ಹೊಟ್ಟೆ ಗಟ್ಟಿಯಾಯಿತು. ಹಸಿವಾಯಿತು. ಹಸಿವಾಯಿತು ಅಂತ ಹೇಳಿ ಅತ್ತಳು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಖುಷಿಯಲ್ಲಿದ್ದರು, ಆದರೆ ಒಂದು ಮಾತು ಹೇಳದೆ ಬಿಡಲಿಲ್ಲ.

"ಅದು ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ. ಬೀಜ ಅಲ್ಲೆಲ್ಲೋ ಇರಬಹುದು. ಸುತ್ತ ಜನ ತುಂಬಿಕೊಂಡಿರೋವರೆಗೆ ಅದು ತಲೆ ಎತ್ತಲ್ಲ. ಮತ್ತೆ ಖಾಲಿ ಮಾಡಬೇಡಿ. ಮಾತ್ರೆ ಬೇಕೇ ಬೇಕು ಅಂತ ಡಾಕ್ಟರು ಹೇಳಿದ್ರೆ ಮಾತ್ರ, ಅದೂ ಇದೆಲ್ಲ ಅವರಿಗೆ ತಿಳಿಸಿ. ಬಚ್ಚಲಲ್ಲೂ ಆ ಬೀಜ ಬಹಳ ದಿನ ಬದುಕುತ್ತೆ. ಸ್ಯಾನಿಟೈಸರ್‌ಗೆ ಬಗ್ಗಲ್ಲ. ಕೈಯನ್ನ ಸೋಪು ನೀರಲ್ಲೇ ತೊಳೀರಿ. ನೆಲಕ್ಕೆ ಬ್ಲೀಚಿಂಗೇ ಆಗಬೇಕು."

ಕೊನೆಯ ಮಾತಿಗೆ ಟೈಲರ್ ಆ ವರ್ಷ ಮೊದಲ ಸಲ ನಕ್ಕ. ಬ್ಲೀಚಿಂಗಕ್ಕ ನಗಲಿಲ್ಲ. ಅವಳ ಕಿವಿಯಲ್ಲಿ ನಿಂತದ್ದು ಬೀಜ ಅನ್ನುವ ಒಂದೇ ಮಾತು.

ಅಂಗಳದಲ್ಲಿ ಓರಗಿತ್ತಿ ಅಷ್ಟರಲ್ಲಿ ಒತ್ತೊತ್ತಾಗಿ ಚೆಂಡು ಹೂವಿನ ಸಸಿ ನೆಟ್ಟಿದ್ದಳು. ಪಾರ್ಥೇನಿಯಂ ಅದರ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಬಡಕಲಾಗಿ ನಿಂತಿತ್ತು. ಬ್ಲೀಚಿಂಗಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು, ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಲಾಂಡ್ರಿಗೆ ಹೋಗಲು ಶುರುಮಾಡಿದಳು. ಊಟದ ಹೊತ್ತಿನಲ್ಲಿ ಒಮ್ಮೊಮ್ಮೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗಿನಿಂದ ಯಾರೋ ಕರೆಯುತ್ತಾರೇನೋ ಅನ್ನುವ ಹಾಗೆ ಕೂತಿರುತ್ತಿದ್ದಳಂತೆ.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಓರಗಿತ್ತಿಗೆ ದವಡೆ ಹಲ್ಲಿನ ಬುಡದಲ್ಲಿ ಕೀವಾಗಿ ಮುಖ ಕುಂಬಳಕಾಯಿಯಾಯಿತು. ಹಲ್ಲಿನ ಡಾಕ್ಟರು ಆಂಟಿಬಯೋಟಿಕ್ ಕೊಟ್ಟರು. ಆ ಮಾತ್ರೆಯ ಪಟ್ಟಿ ಮೇಜಿನ ಮೇಲೆ ಕಂಡ ಕೂಡಲೇ ಬ್ಲೀಚಿಂಗಕ್ಕನ ಮುಖ ಬಿಳಿಚಿತು.

"ನುಂಗಬೇಡ ಇದನ್ನ."

"ನುಂಗದಿದ್ರೆ ಕೀವು ತಲೆಗೆ ಹತ್ತುತ್ತೆ ಅಂದಿದ್ದಾರೆ ಅಕ್ಕಾ."

"ಬಚ್ಚಲು ಒಂದೇ ಕಣೇ ನಮ್ಮದು. ನನ್ನದು ನಿನಗೆ..."

"ನೀವು ದಿನಾ ತಿಕ್ಕೋ ಬಚ್ಚಲಲ್ಲಿ ಏನು ತಾನೇ ಬದುಕುತ್ತೆ?" ಅಂದು ಓರಗಿತ್ತಿ ಮಾತ್ರೆ ನುಂಗಿ ನೀರು ಕುಡಿದಳು.

ಅವತ್ತಿನಿಂದ ಬ್ಲೀಚಿಂಗಕ್ಕ ಬೆಳಿಗ್ಗೆ ಸಂಜೆ ಬಚ್ಚಲು ತಿಕ್ಕಿದಳು. ನಲ್ಲಿಯ ಹಿಡಿ, ಚಿಲಕ, ಚೊಂಬಿನ ಅಂಚು, ಏನನ್ನೂ ಬಿಡಲಿಲ್ಲ. ಓರಗಿತ್ತಿ ಬಚ್ಚಲಿಗೆ ಹೋದಾಗೆಲ್ಲ ಗೋಡೆಯ ಈಚೆ ಕಿವಿ ಇಟ್ಟು ನಿಲ್ಲುತ್ತಿದ್ದಳು. ಎಷ್ಟು ಬೇಗ ಬಂದಳು, ಎಷ್ಟು ಸಲ ಹೋದಳು ಅನ್ನುವುದೇ ಧ್ಯಾನ. ಹಲ್ಲು ವಾಸಿಯಾಯಿತು, ಮಾತ್ರೆ ಮುಗಿಯಿತು. ಉಸಿರು ಬಿಡೋಣ ಅನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಓರಗಿತ್ತಿ ಹೊರಗೆ ಬಂದಳು, ಬಾಗಿಲಲ್ಲೇ ತಿರುಗಿ ಮತ್ತೆ ಒಳಗೆ ಹೋದಳು. ಬಾಗಿಲ ಸಂದಿಯಿಂದ ಆ ವಾಸನೆ ಬಂತು.

ಬ್ಲೀಚಿಂಗಕ್ಕನಿಗೆ ಅದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವಳೇ ಆಟೋ ತಂದಳು. ಅವಳೇ ಡಾಕ್ಟರಮ್ಮನ ಮುಂದೆ ನಿಂತು, "ಅದೇ ಬಂದಿದೆ. ನನ್ನಿಂದಲೇ ಬಂದಿದೆ," ಅಂದಳು. ಯಾರಿಂದ ಅಂತ ಹೇಳಲಾಗುವುದಿಲ್ಲ, ಆಸ್ಪತ್ರೆಗೆ ಓಡಾಡಿದ್ದರಿಂದಲೂ ಇರಬಹುದು ಅಂದರು ಡಾಕ್ಟರಮ್ಮ. ಪರೀಕ್ಷೆಯಲ್ಲಿ ಅದೇ ಅಂತ ಆಯಿತು. ಬೇಗ ಬಂದದ್ದು ಒಳ್ಳೆಯದಾಯಿತು ಅಂತಲೂ ಅಂದರು.

ಹಾಸಿಗೆಯಲ್ಲಿ ಮಲಗಿದ್ದ ಓರಗಿತ್ತಿ, ತುಟಿ ಒಣಗಿದ್ದರೂ, ಬಿಡಲಿಲ್ಲ. "ಏನಕ್ಕಾ, ನಾನು ಕೊಟ್ಟಿದ್ದನ್ನ ಬಡ್ಡಿ ಸಮೇತ ವಾಪಸ್ ಕೊಟ್ರಲ್ಲ?"

"ಬಾಯಿ ಮುಚ್ಚು," ಅಂದು ಬ್ಲೀಚಿಂಗಕ್ಕ ಅವಳ ಒದ್ದೆಯಾದ ಹಾಸಿಗೆ ಬಟ್ಟೆ ಎಳೆದು ಬೇರೆಯದು ಹಾಸಿದಳು. ಆ ಕೋಣೆಯಿಂದ ಅವಳು ಅಷ್ಟೂ ದಿನ ಕದಲಲಿಲ್ಲ. ಹೊಲಸಾದ ಬಟ್ಟೆ ಆಸ್ಪತ್ರೆಯವರ ಕೈಗೆ ಕೊಡುವಾಗ, ಹೇಗೆ ತೊಳೆಯಬೇಕು ಅಂತ ಅವರಿಗೆ ಪಾಠ ಹೇಳಿ ಬೈಸಿಕೊಂಡಳು.

ಓರಗಿತ್ತಿಯ ಹೊಟ್ಟೆ ನಿಜಕ್ಕೂ ಗಟ್ಟಿ. ಮೊದಲ ಸುತ್ತಿನ ಔಷಧಿಗೇ ವಾಸಿಯಾದಳು, ಮತ್ತೆ ಮರುಕಳಿಸಲಿಲ್ಲ. ನರ್ಸರಿಗೂ ಹೋಗತೊಡಗಿದಳು. ಆದರೆ ಆ ಮನೆಯಲ್ಲಿ ಏನೋ ಬದಲಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಕಾಯತೊಡಗಿದರು. ಒಬ್ಬಳು ಸೀನಿದರೆ ಇನ್ನೊಬ್ಬಳು ತಲೆ ಎತ್ತುತ್ತಿದ್ದಳು. ಅಡುಗೆ ಮಾಡುವಾಗ ಬೆರಳು ಕುಯ್ದುಕೊಂಡರೆ, ಮತ್ತೆ ಮಾತ್ರೆ ನುಂಗಬೇಕಾದೀತು ಅಂತ ಬಚ್ಚಿಡುತ್ತಿದ್ದರು, ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ಬೈಗುಳ. ಅಂಗಳದ ಬಿಸಿಲಿಗೆ ಜಗಳ ನಿಂತಿರಲಿಲ್ಲ, ಆದರೆ ಅದರಲ್ಲಿ ಮೊದಲಿನ ಖಾರ ಇರಲಿಲ್ಲ. ಜಗಳ ಆಡುವಾಗಲೂ ಎದುರಿನವಳ ಮೈಬಣ್ಣ ಹೇಗಿದೆ ಅಂತ ನೋಡುತ್ತಿದ್ದರು.

ಈ ಚಳಿಗಾಲದಲ್ಲಿ ಬ್ಲೀಚಿಂಗಕ್ಕನಿಗೆ ಕೆಮ್ಮು ಹಿಡಿಯಿತು. ಸೆರಗು ಬಾಯಿಗೊತ್ತಿಕೊಂಡು, ಮಿಕ್ಸಿ ತಿರುಗುವಾಗ ಮಾತ್ರ ಕೆಮ್ಮುತ್ತಿದ್ದಳು. ಒಂದು ದಿನ ಓರಗಿತ್ತಿ ಬಂದು, ಓಡುತ್ತಿದ್ದ ಮಿಕ್ಸಿ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದರೆ ಒಳಗೆ ಬರೀ ನೀರು. ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಎದೆಯ ಫೋಟೋ ತೆಗೆದರು, ರಕ್ತ ನೋಡಿದರು. ಇಬ್ಬರೂ ಬೆಂಚಿನ ಮೇಲೆ ಒಬ್ಬರಿಗೊಬ್ಬರು ತಾಗಿಕೊಂಡು ಕೂತಿದ್ದರು.

"ಬರೀ ಶೀತ," ಅಂದರು ಡಾಕ್ಟರಮ್ಮ. "ಬಿಸಿ ನೀರು ಕುಡೀರಿ, ಮಲಗಿ. ಈ ಸಲ ಮಾತ್ರೆ ಬೇಡ."

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬಂದರು. ಬಸ್ ಸ್ಟಾಪಿನವರೆಗೂ ನಡೆದರು. ಬಸ್ಸು ಕಾಣಿಸಿದಾಗ ಬ್ಲೀಚಿಂಗಕ್ಕ ಮೆಲ್ಲಗೆ ಅಂದಳು: "ಈ ಸಲ ಅಂದ್ರಲ್ಲ."

"ಹೂಂ," ಅಂದಳು ಓರಗಿತ್ತಿ. "ಕೇಳಿಸ್ತು."